ಮಾರ್ಕು ಸಾಲದು, ಲೆಕ್ಕ ಕೊಡಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ದಾಂಡೇಲಿಯ ಕಾರ್ಮಿಕನು ಕೇಳುವದು ಒಂದೇ ಪ್ರಶ್ನೆ: ಹುಡುಗ ಪಾಸೋ, ನಪಾಸೋ? ಹಳಿಯಾಳದ ಕಿರಾಣಿ ವ್ಯಾಪಾರಿಯೂ ಅದನ್ನೇ ಕೇಳುತ್ತಾನೆ. ಕೇಳುವದು ತಪ್ಪಲ್ಲ, ಮುಂದಿನ ಬಾಗಿಲು ತೆರೆಯುವದು ಆ ಒಂದು ಮಾತಿನಿಂದಲೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಹತ್ತು ವರ್ಷ ಶಾಲೆಗೆ ಹೋದ ಈ ಹುಡುಗನಿಗೆ ಏನೇನು ಬರುತ್ತದೆ, ಏನೇನು ಬರುವದಿಲ್ಲ? ಕೈಗೆ ಬಂದ ಮಾರ್ಕಿನ ಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ. ಈ ಉತ್ತರವನ್ನು ಕೊಡುವ ಮೌಲ್ಯಮಾಪನ ಪದ್ಧತಿ ನಮ್ಮ ಹೈಸ್ಕೂಲುಗಳಿಗೆ ಬರಬೇಕು, ಅದು ಬರುವಾಗ ಅದನ್ನು ನಡೆಸಲು ಬೇಕಾದ ಮಾಸ್ತರರೂ ಜತೆಗೇ ಬರಬೇಕು ಎಂಬದು ನಮ್ಮ ವಾದ.

ವರ್ಷಕ್ಕೊಂದು ತೂಕದ ಕಲ್ಲು

ಪೇಟೆಯಲ್ಲಿ ಅಂಗಡಿ ಇಟ್ಟವರಿಗೆಲ್ಲ ಗೊತ್ತಿದೆ: ತಕ್ಕಡಿಗೂ ತೂಕದ ಕಲ್ಲಿಗೂ ಸರಕಾರದ ಮುದ್ರೆ ಇರಬೇಕು. ಕಿಲೋದ ಕಲ್ಲು ಈ ವರ್ಷ ಸಾವಿರ ಗ್ರಾಂ, ಮುಂದಿನ ವರ್ಷ ಒಂಬೈನೂರು ಗ್ರಾಂ ಎಂದು ಯಾವ ವ್ಯಾಪಾರಿಯಾದರೂ ಹೇಳಿದರೆ ಅಧಿಕಾರಿ ದಂಡ ಹಾಕುತ್ತಾನೆ. ಆದರೆ ಮಕ್ಕಳ ಕಲಿಕೆಯನ್ನು ತೂಗುವ ಕಲ್ಲನ್ನು ಸರಕಾರ ತಾನೇ ಎಷ್ಟು ಸಲ ಬದಲಿಸಿತು ಎಂಬದನ್ನು ನೋಡಿರಿ.

ಬಹುಕಾಲ ನೂರಕ್ಕೆ 35 ಪಾಸಿನ ಗೆರೆಯಾಗಿದ್ದಿತು. ಕೋವಿಡ್ ಕಾಲದಲ್ಲಿ, 2021ರಲ್ಲಿ, ಎರಡೇ ದಿನಗಳಲ್ಲಿ ಪರೀಕ್ಷೆ ಮುಗಿಸಿ ಬಹುತೇಕ ಎಲ್ಲರನ್ನೂ ಪಾಸು ಮಾಡಲಾಯಿತು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷೆಯ ಕೋಣೆಗಳಿಗೆ ಕ್ಯಾಮರಾ ಕಟ್ಟಿ ಕಾವಲು ಬಿಗಿ ಮಾಡಿದರು, ಫಲಿತಾಂಶ ಕುಸಿಯಿತು. ಕೂಡಲೇ ಕೃಪಾಂಕ ಪಡೆಯುವ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದರು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಅಷ್ಟು ಮಾಡಿಯೂ ಬಂದದ್ದು ಶೇ. 73.40. ಆ ಬಗೆಯ ಕೃಪಾಂಕವಿಲ್ಲದೆ 2025ರ ಮೊದಲ ಪರೀಕ್ಷೆ ನಡೆದಾಗ ಶೇ. 62.34ಕ್ಕೆ ಇಳಿಯಿತು. ಅದೇ ವರ್ಷದ ಅಕ್ಟೋಬರದಲ್ಲಿ, ಒಟ್ಟು 625ಕ್ಕೆ 206, ಅಂದರೆ ಶೇ. 33 ಬಂದರೆ ಸಾಕು, ಪ್ರತಿ ವಿಷಯದಲ್ಲಿ ಆಂತರಿಕ ಮಾರ್ಕು ಸೇರಿ 30 ಇದ್ದರೆ ಆಯಿತು ಎಂದು ಹೊಸ ಗೆರೆ ಎಳೆದರು. ಆಂತರಿಕ 20ನ್ನು ಪೂರ್ತಿ ಪಡೆದ ಹುಡುಗನಿಗೆ ಆ ವಿಷಯದ 80 ಮಾರ್ಕಿನ ಬರಹದಲ್ಲಿ 10 ಬಂದರೂ ಗೆರೆ ದಾಟಿದಂತೆಯೇ.

ಹೆಚ್ಚು ಮಕ್ಕಳನ್ನು ನಪಾಸು ಮಾಡಿರೆಂದು ಕೂಗುವವರ ಸಾಲಿನಲ್ಲಿ ನಾವಿಲ್ಲ. ನಪಾಸಿನ ಮುದ್ರೆ ಬಿದ್ದ ಹುಡುಗ ಹೋಟೆಲಿನ ತಟ್ಟೆ ತೊಳೆಯಲು, ಗೋವೆಯ ಕೂಲಿಗೆ ಹೋಗುತ್ತಾನೆಂಬದು ಈ ಭಾಗದ ಎಲ್ಲರಿಗೂ ಗೊತ್ತು. ನಾವು ಹೇಳುವದಿಷ್ಟೆ: ಗೆರೆಯನ್ನು ಮೇಲೆ ಎಳೆದಾಗಲೂ ಹುಡುಗನಿಗೆ ಏನೂ ಕಲಿಸಿದಂತಾಗಲಿಲ್ಲ, ಕೆಳಗೆ ಎಳೆದಾಗಲೂ ಕಲಿಸಿದಂತಾಗಲಿಲ್ಲ. ಬದಲಾದದ್ದು ಸರಕಾರದ ವರದಿಯ ಅಂಕಿ ಮಾತ್ರ. ಶೇ. 83 ಇದ್ದ ವರ್ಷದ ಮಕ್ಕಳು ಜಾಣರು, ಶೇ. 62 ಇದ್ದ ವರ್ಷದವರು ದಡ್ಡರು ಎಂದು ನಂಬುವವರು ಯಾರು?

ಮಾರ್ಕಿನ ಬದಲು ಅಕ್ಷರ

ಮಾರ್ಕಿನ ದೋಷ ತಿಳಿದವರು ಅದಕ್ಕೆ ಮದ್ದೆಂದು ಗ್ರೇಡು ತಂದರು. ಎ ಪ್ಲಸ್, ಎ, ಬಿ ಪ್ಲಸ್, ಬಿ, ಸಿ ಪ್ಲಸ್, ಸಿ. 35ರ ಗೆರೆ ಇದ್ದ ಕಾಲದ ಕೋಷ್ಟಕದಲ್ಲಿ 563ರಿಂದ 625ರವರೆಗೆ ಬಂದವನು ಎ ಪ್ಲಸ್. 313ರಿಂದ 374 ಸಿ ಪ್ಲಸ್. 219ರಿಂದ 312 ಸಿ. ಅಂದರೆ 312 ಮತ್ತು 313ರ ನಡುವೆ, ಒಂದೇ ಒಂದು ಮಾರ್ಕಿಗೆ, ಹುಡುಗನ ಹಣೆಬರಹದ ಅಕ್ಷರ ಬೇರೆ. ಅತ್ತ 219 ಪಡೆದವನೂ 312 ಪಡೆದವನೂ ಒಂದೇ ಅಕ್ಷರದವರು. ಇದು ಹಳೆಯ ಮಾರ್ಕಿಗೆ ಹೊಸ ಅಂಗಿ ತೊಡಿಸಿದಂತಾಯಿತೇ ಹೊರತು ಮೌಲ್ಯಮಾಪನದ ಸುಧಾರಣೆಯಾಗಲಿಲ್ಲ.

ಸರಾಸರಿಯ ಮೋಸ ಇದಕ್ಕಿಂತ ದೊಡ್ಡದು. ಒಂಬತ್ತನೆಯ ಇಯತ್ತೆಯ ಇಬ್ಬರು ಹುಡುಗರನ್ನು ತೆಗೆದುಕೊಳ್ಳಿರಿ. ಗಣಿತದ ನಾಲ್ಕು ಪರೀಕ್ಷೆಗಳಲ್ಲಿ ಮೊದಲನೆಯವನಿಗೆ ಬಂದ ಮಾರ್ಕು 10, 20, 60, 80. ಎರಡನೆಯವನಿಗೆ 45, 40, 45, 40. ಕೂಡಿಸಿ ನೋಡಿರಿ: ಇಬ್ಬರದೂ 170, ಸರಾಸರಿ ಇಬ್ಬರದೂ 42.5, ಇಬ್ಬರೂ ಸಿ. ಆದರೆ ಮೊದಲನೆಯವನು ಬಾರದ್ದನ್ನು ಕಲಿತು ಮೇಲೆ ಬಂದಿದ್ದಾನೆ. ಎರಡನೆಯವನು ಎಲ್ಲಿಯೋ ಒಂದು ಕಡೆ ಸಿಕ್ಕಿಬಿದ್ದಿದ್ದಾನೆ. ಒಬ್ಬನಿಗೆ ಬೆನ್ನು ತಟ್ಟಬೇಕು, ಮತ್ತೊಬ್ಬನಿಗೆ ಕೈ ಹಿಡಿಯಬೇಕು. ಪಟ್ಟಿ ಮಾತ್ರ ಇಬ್ಬರನ್ನೂ ಒಂದೇ ಗೂಟಕ್ಕೆ ಕಟ್ಟುತ್ತದೆ.

ಉದ್ರಿ ಖಾತೆ ಬರೆಯುವ ಅಂಗಡಿಕಾರನೂ ಹೀಗೆ ಮಾಡಲಾರ. ಗಿರಾಕಿ ಜೂನ್ ತಿಂಗಳ ಬಾಕಿಯನ್ನು ಆಗಸ್ಟಿನಲ್ಲಿ ತೀರಿಸಿದರೆ ಆ ಬಾಕಿಯ ಮೇಲೆ ಗೀಟು ಬೀಳುತ್ತದೆ; ತೀರಿದ ಬಾಕಿಯನ್ನು ಮತ್ತೆ ಲೆಕ್ಕಕ್ಕೆ ಹಿಡಿಯುವವನನ್ನು ಊರು ನಂಬುವದಿಲ್ಲ. ಶಾಲೆಯಲ್ಲಿ ಮಾತ್ರ ಜೂನ್ ತಿಂಗಳಲ್ಲಿ ಬಾರದ ಲೆಕ್ಕವನ್ನು ಹುಡುಗ ಆಗಸ್ಟಿನಲ್ಲಿ ಕಲಿತು ತೋರಿಸಿದರೂ ಜೂನಿನ 10 ಮಾರ್ಕು ವರ್ಷವಿಡೀ ಅವನ ಬೆನ್ನ ಮೇಲೆ ಕುಳಿತಿರುತ್ತದೆ.

ಕಲಿಕೆಯ ಮಟ್ಟ ಅಳೆಯುವದು ಹೇಗೆ?

ಇನ್ನೊಂದು ಪದ್ಧತಿ ಇದೆ. ಅದರ ತಿರುಳು ಕಾಗದ ಕಾರಖಾನೆಯ ಕಾರ್ಮಿಕನಿಗೆ ಹೊಸದಲ್ಲ. ಯಂತ್ರದಿಂದ ಇಳಿದ ಕಾಗದದ ತೂಕವನ್ನು ಬೇರೆ ನೋಡುತ್ತಾರೆ, ತೇವವನ್ನು ಬೇರೆ, ಬಿಳುಪನ್ನು ಬೇರೆ, ಹರಿಯದೆ ತಾಳುವ ಬಲವನ್ನು ಬೇರೆ. ಬಿಳುಪು ಬಹಳ ಚೆನ್ನಾಗಿದೆ, ಬಲ ಕಡಿಮೆಯಿದೆ, ಎರಡನ್ನೂ ಕೂಡಿಸಿ ಭಾಗಿಸಿದರೆ ಮಾಲು ಮಧ್ಯಮ ದರ್ಜೆ ಎಂದು ಯಾರೂ ಹೇಳುವದಿಲ್ಲ. ಹಾಗೆ ಹೇಳಿದರೆ ಮುದ್ರಣಾಲಯದಲ್ಲಿ ಕಾಗದ ಹರಿದು ನಿಂತೀತು. ಯಾವ ಗುಣದಲ್ಲಿ ಕೊರತೆಯೋ ಆ ಗುಣಕ್ಕೆ ಕಾರಣ ಹುಡುಕಿ ಸರಿಪಡಿಸುತ್ತಾರೆ. ಕಾಗದಕ್ಕೆ ತೋರುವ ಈ ನ್ಯಾಯವನ್ನು ಕಾಗದ ಮಾಡುವವನ ಮಗನಿಗೂ ತೋರಿಸಬೇಕೆಂಬದೇ ನಮ್ಮ ಬೇಡಿಕೆ.

ಹೈಸ್ಕೂಲಿನಲ್ಲಿ ಇದು ನಡೆಯುವ ಬಗೆ ಹೀಗೆ. ವರ್ಷದ ಆರಂಭದಲ್ಲಿಯೇ ಪ್ರತಿ ವಿಷಯದಲ್ಲಿ ಹುಡುಗನಿಗೆ ಏನೇನು ಬರಬೇಕೆಂಬದನ್ನು ಸರಳ ಮಾತಿನಲ್ಲಿ ಬರೆದಿಡಬೇಕು. ಗಣಿತಕ್ಕೆ ಉದಾಹರಣೆ: ಶೇಕಡಾ ಮತ್ತು ಪ್ರಮಾಣದ ಲೆಕ್ಕವನ್ನು ಸಂಸಾರದ, ವ್ಯಾಪಾರದ ಪ್ರಸಂಗಕ್ಕೆ ಹಚ್ಚುವದು, ಸಮೀಕರಣ ಬಿಡಿಸುವದು, ನಕ್ಷೆ ಎಳೆಯುವದು, ಎಳೆದ ನಕ್ಷೆಯನ್ನು ಓದುವದು, ಪ್ರಮೇಯವನ್ನು ಕಾರಣ ಕೊಟ್ಟು ಸಾಧಿಸುವದು. ಕನ್ನಡಕ್ಕೆ: ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವದು, ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯುವದು, ಎರಡು ಅಭಿಪ್ರಾಯಗಳನ್ನು ಹೋಲಿಸಿ ತನ್ನದನ್ನು ತಿಳಿಸುವದು. ಇಂಥ ಹತ್ತೋ ಹನ್ನೆರಡೋ ಅಂಶಗಳು ಸಾಕು, ನೂರು ಬೇಡ.

ಪ್ರತಿ ಅಂಶದ ಎದುರು ನಾಲ್ಕರಲ್ಲಿ ಒಂದು ಗುರುತು ಬೀಳಬೇಕು: ಇನ್ನೂ ಬಂದಿಲ್ಲ, ಆಸರೆ ಕೊಟ್ಟರೆ ಬರುತ್ತದೆ, ಸ್ವತಂತ್ರವಾಗಿ ಬರುತ್ತದೆ, ಹೊಸ ಪ್ರಸಂಗಕ್ಕೂ ಹೊಂದಿಸಬಲ್ಲನು. ಇವುಗಳನ್ನು ಕೂಡಿಸಿ ಭಾಗಿಸುವಂತಿಲ್ಲ. ಹುಡುಗನು ಕೊನೆಗೆ ಮುಟ್ಟಿದ ಮಟ್ಟವೇ ಅವನ ಮಟ್ಟ. ಹಿಂದಿನ ಸೋಲು ಲೆಕ್ಕಕ್ಕಿಲ್ಲ. ಎಲ್ಲಿ ಬಂದಿಲ್ಲವೋ ಅಷ್ಟನ್ನೇ ಮತ್ತೆ ಕಲಿಸಬೇಕು, ಅಷ್ಟನ್ನೇ ಮತ್ತೆ ಪರೀಕ್ಷಿಸಬೇಕು. ಹಾಜರಿ, ಶಿಸ್ತು, ಮನೆಗೆಲಸ, ಅಕ್ಷರದ ಅಂದ ಇವೆಲ್ಲ ಬೇಡವೆಂದಲ್ಲ. ಅವುಗಳನ್ನು ಬೇರೆ ಅಂಕಣದಲ್ಲಿ ಬರೆಯಬೇಕು. ವಹಿಗೆ ರಟ್ಟು ಹಾಕದ ಹುಡುಗನಿಗೆ ವಿಜ್ಞಾನದಲ್ಲಿ ಮಾರ್ಕು ಕಡಿಯುವದೆಂದರೆ ಬಡತನಕ್ಕೆ ದಂಡ ಹಾಕಿದಂತೆ.

ಇಲ್ಲಿ ಒಬ್ಬ ಹುಡುಗನನ್ನು ಇನ್ನೊಬ್ಬನ ಜತೆ ತೂಗುವದಿಲ್ಲ. ಬರಬೇಕಾದದ್ದರ ಜತೆ ತೂಗುತ್ತಾರೆ. ಎಲ್ಲರಿಗೂ ಬಂದರೆ ಎಲ್ಲರೂ ಮೇಲಿನ ಮಟ್ಟದವರೇ. ಒಬ್ಬನು ಮೇಲೆ ಹೋಗಲು ಇನ್ನೊಬ್ಬನು ಕೆಳಗೆ ಬೀಳಬೇಕಾಗಿಲ್ಲ. ಸಮಾಜವಾದಿಗಳಾದ ನಮಗೆ ಈ ಪದ್ಧತಿ ಹಿಡಿಸಲು ಇದೂ ಒಂದು ಕಾರಣ.

ನಾಲ್ಕು ತಾಲೂಕುಗಳಲ್ಲಿ ಇದರ ಅಗತ್ಯ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. 2025ರ ಮೊದಲ ಪರೀಕ್ಷೆಯಲ್ಲಿ ಈ ಶೈಕ್ಷಣಿಕ ಜಿಲ್ಲೆಯ ಫಲಿತಾಂಶ ಶೇ. 80ನ್ನು ದಾಟಿ ರಾಜ್ಯದ ಸರಾಸರಿಗಿಂತ ಬಹಳ ಮೇಲಿದ್ದಿತು. ಅಭಿನಂದನೀಯವೇ. ಆದರೆ ಜಿಲ್ಲೆಯ ಸರಾಸರಿಯೂ ಹುಡುಗನ ಸರಾಸರಿಯಂತೆಯೇ. ಯಾರನ್ನು ಹಿಂದೆ ಬಿಟ್ಟಿತೆಂದು ಅದು ಹೇಳುವದಿಲ್ಲ.

ನಮ್ಮ ಮಕ್ಕಳು ಮನೆಯಲ್ಲಿ ಆಡುವ ಮಾತು ಒಂದೇ ಅಲ್ಲ. ಜೋಯಿಡಾದ ಕುಣಬಿ ಮನೆಯಲ್ಲಿ ಕೊಂಕಣಿ. ಹಳಿಯಾಳದ ಎಷ್ಟೋ ಮನೆಗಳಲ್ಲಿ ಮರಾಠಿ. ಸಿದ್ದಿಯರದು, ಗೌಳಿಗರದು ತಮ್ಮದೇ ಬಗೆಯ ಮಾತು. ದಾಂಡೇಲಿ, ಮುಂಡಗೋಡಗಳ ಪೇಟೆಯಲ್ಲಿ ಉರ್ದು. ಮಳೆ ಹೇಗೆ ಬರುತ್ತದೆ, ಬೀಜ ಹೇಗೆ ಮೊಳೆಯುತ್ತದೆ, ಯಾವ ಮರದ ತೊಗಟೆ ಯಾವದಕ್ಕೆ ಬರುತ್ತದೆ ಎಂಬದನ್ನು ಗೌಳಿವಾಡೆಯ ಹುಡುಗಿ ಮಾಸ್ತರರಿಗೇ ಹೇಳಿಕೊಟ್ಟಾಳು. ಅದನ್ನೇ ಪ್ರಶ್ನಪತ್ರಿಕೆಯ ಭಾಷೆಯಲ್ಲಿ ಐದು ವಾಕ್ಯ ಬರೆಯೆಂದರೆ ನಿಲ್ಲುತ್ತಾಳೆ. ಈಗಿನ ಪಟ್ಟಿ ‘ವಿಜ್ಞಾನ 28’ ಎಂದು ಬರೆದು ಸುಮ್ಮನಾಗುತ್ತದೆ. ವಿಜ್ಞಾನ ಬಂದಿಲ್ಲವೋ, ಭಾಷೆ ಬಂದಿಲ್ಲವೋ? ಎರಡನ್ನೂ ಬೇರೆ ಬೇರೆ ಬರೆದರೆ ಮದ್ದು ಯಾವದೆಂದು ತಿಳಿಯುತ್ತದೆ. ಕೂಡಿಸಿ ಬರೆದರೆ ಆಕೆ ದಡ್ಡಿಯೆಂಬ ಹೆಸರು ಮಾತ್ರ ಉಳಿಯುತ್ತದೆ.

ಇನ್ನು ಮಳೆಗಾಲ. ಜೋಯಿಡಾದ ಕಾಡಿನ ಕೇರಿಗಳಲ್ಲಿ ಹಳ್ಳ ತುಂಬಿ ಹರಿದರೆ ಮಕ್ಕಳು ಶಾಲೆ ಮುಟ್ಟುವಂತಿಲ್ಲ. ಈ ತಾಲೂಕಿನ ಹಳೆಯ ಸೂಪಾ ಊರು ಕಾಳಿಯ ಅಣೆಕಟ್ಟಿನಲ್ಲಿ ಮುಳುಗಿತು. ಅಲ್ಲಿಂದ ನಾಡಿಗೆಲ್ಲ ವಿದ್ಯುತ್ತು ಹೋಗುತ್ತದೆ. ನಾಡಿಗೆ ಇಷ್ಟು ಕೊಟ್ಟ ತಾಲೂಕಿನ ಹುಡುಗ ಜುಲೈದಲ್ಲಿ ತಪ್ಪಿಸಿಕೊಂಡ ಕಿರುಪರೀಕ್ಷೆಗೆ ಸೊನ್ನೆ ಹಾಕಿ, ಆ ಸೊನ್ನೆಯನ್ನು ಮಾರ್ಚಿನವರೆಗೆ ಎಳೆದುಕೊಂಡು ಬರುವದು ಯಾವ ನ್ಯಾಯ? ಸೊನ್ನೆ ಎಂದರೆ ಅವನಿಗೆ ಏನೂ ಬಾರದೆಂದು ಅರ್ಥವೇ? ಆ ದಿನ ಅವನು ಹಳ್ಳದ ಆಚೆ ದಡದಲ್ಲಿದ್ದನೆಂದು ಮಾತ್ರ ಅರ್ಥ.

ಕಾರಖಾನೆಯ ಊರಿಗೆ ಇನ್ನೊಂದು ಕಾರಣವೂ ಇದೆ. ದಾಂಡೇಲಿಯ ಕಾಗದ ಕಾರಖಾನೆ 1959ರಲ್ಲಿ ಉತ್ಪಾದನೆ ಆರಂಭಿಸಿತು. ಅಂದು ತೋಳಿನ ಬಲಕ್ಕೆ ಸಿಗುತ್ತಿದ್ದ ಕೆಲಸವನ್ನು ಇಂದು ಯಂತ್ರ ಮಾಡುತ್ತದೆ. ಯಂತ್ರವನ್ನು ನಡೆಸುವವನಿಗೆ ಅಳತೆ, ಪ್ರಮಾಣ, ನಕ್ಷೆ ತಿಳಿದಿರಬೇಕು. ಐ.ಟಿ.ಐ.ಯಲ್ಲಿ ಫಿಟ್ಟರ್, ಇಲೆಕ್ಟ್ರಿಶಿಯನ್ ಕಲಿಯಲು ಗಣಿತ, ವಿಜ್ಞಾನದೊಂದಿಗೆ ಹತ್ತನೆಯ ಇಯತ್ತೆ ಪಾಸಾಗಿರಬೇಕು. ಗೆರೆ ಇಳಿಸಿ ಪಾಸಾದ ಹುಡುಗ ಅಲ್ಲಿಗೆ ಹೋಗಿ ನಕ್ಷೆ ಓದಲಾರದೆ ನಿಂತರೆ ನಗೆಪಾಟಲಾಗುವವನು ಅವನು. ಗೆರೆ ಇಳಿಸಿದ ಮಂತ್ರಿಯಲ್ಲ. ಉಳ್ಳವರ ಮಕ್ಕಳಿಗೆ ಶಾಲೆಯ ಕೊರತೆಯನ್ನು ತುಂಬಲು ಟ್ಯೂಷನ್ನು ಇದೆ. ನಮ್ಮ ಮಕ್ಕಳಿಗೆ ಶಾಲೆಯೊಂದೇ ಇದೆ.

ನಮ್ಮಲ್ಲಿಯೇ ಇದ್ದ ಬೀಜ

ಇದು ವಿದೇಶದಿಂದ ತಂದ ಹುಚ್ಚು ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಕಾಡಂಚಿನ ಬಡ ತಾಲೂಕಿನಲ್ಲಿಯೇ, ಸರಕಾರಿ ಮಾಸ್ತರರು ನಲಿ-ಕಲಿಯನ್ನು ಆರಂಭಿಸಿದರು. ಅಲ್ಲಿ ಕಲಿಕೆಗೊಂದು ಏಣಿ, ಏಣಿಗೆ ಮೆಟ್ಟಿಲು. ಮಗು ತನ್ನ ವೇಗದಲ್ಲಿ ಏರುತ್ತದೆ. ನಾಲ್ಕು ದಿನ ತಪ್ಪಿಸಿಕೊಂಡು ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮುಂದೆ ಇದು ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ಇಯತ್ತೆಗಳಿಗೆಲ್ಲ ಹಬ್ಬಿತು. 2009ರ ಶಿಕ್ಷಣ ಹಕ್ಕು ಕಾನೂನು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. 2017ರಲ್ಲಿ ಆ ಕಾನೂನಿನ ನಿಯಮಗಳಿಗೆ ‘ಕಲಿಕಾ ಫಲ’ಗಳು ಸೇರಿದವು. ಕೋವಿಡ್ ನಂತರ, 2022-23ರಲ್ಲಿ, ‘ಕಲಿಕಾ ಚೇತರಿಕೆ’ಯಲ್ಲಿ ನಾಲ್ಕರಿಂದ ಒಂಬತ್ತನೆಯ ಇಯತ್ತೆಯವರೆಗೆ ಯಾವ ಕಲಿಕಾ ಫಲ ಬಂದಿದೆ, ಯಾವದು ತಪ್ಪಿದೆ ಎಂದು ಹಾಳೆಗಳಲ್ಲಿ ಗುರುತಿಸುವ ಕೆಲಸ ನಡೆಯಿತು. ಬೀಜ ನಮ್ಮಲ್ಲಿಯೇ ಇದೆ. ಆದರೆ ಹತ್ತನೆಯ ಇಯತ್ತೆಯ ಹೊಸ್ತಿಲಲ್ಲಿ ಅದೆಲ್ಲವನ್ನೂ ಕಿತ್ತೊಗೆದು ಮತ್ತೆ ಮಾರ್ಕಿನ ಗಾಣಕ್ಕೆ ಹುಡುಗನನ್ನು ಕಟ್ಟುತ್ತೇವೆ.

ಹೊರದೇಶಗಳ ಅನುಭವದಲ್ಲಿ ಎರಡು ಪಾಠಗಳಿವೆ. ಸ್ವೀಡನ್ನಿನಲ್ಲಿ ಹಿಂದೆ ಒಂದರಿಂದ ಐದರವರೆಗಿನ ಗ್ರೇಡನ್ನು ದೇಶದ ಮಕ್ಕಳ ನಡುವೆ ಹಂಚುತ್ತಿದ್ದರು: ಶೇ. 7 ಮಂದಿಗೆ ಐದು, ಶೇ. 24 ಮಂದಿಗೆ ನಾಲ್ಕು, ಹೀಗೆ. ಎಲ್ಲರೂ ಎಷ್ಟು ಕಲಿತರೂ ಯಾರೋ ಕೆಲವರು ಕೆಳಗಿರಲೇಬೇಕು. 1994ರ ಸುಧಾರಣೆಯಲ್ಲಿ ಅವರು ಇದನ್ನು ಕೈಬಿಟ್ಟು, ಗೊತ್ತುಪಡಿಸಿದ ಗುರಿಯನ್ನು ಹುಡುಗ ಮುಟ್ಟಿದನೇ ಎಂದು ನೋಡುವ ಪದ್ಧತಿಗೆ ಬಂದರು. ಅಮೇರಿಕೆಯ ಮೇನ್ ರಾಜ್ಯದ ಪಾಠ ಬೇರೆ. ಅಲ್ಲಿ 2012ರಲ್ಲಿ, ಮಟ್ಟ ಮುಟ್ಟಿದವರಿಗೆ ಮಾತ್ರ ಹೈಸ್ಕೂಲು ಪ್ರಮಾಣಪತ್ರ ಎಂದು ಕಾನೂನು ಮಾಡಿದರು. 2018ರಲ್ಲಿ ಆ ಕಡ್ಡಾಯವನ್ನು ಹಿಂತೆಗೆದುಕೊಂಡರು. ಮೇಲಿನಿಂದ ಇಳಿದ ಕಾಯಿದೆಯನ್ನು ಒಂದೊಂದು ಊರು ಒಂದೊಂದು ಬಗೆಯಾಗಿ ತಿಳಿಯಿತು. ಪಾಲಕರಿಗೆ ಹೊಸ ಪಟ್ಟಿ ಅರ್ಥವಾಗಲಿಲ್ಲ. ಮಾಸ್ತರರನ್ನೂ ಪಾಲಕರನ್ನೂ ಒಳಗೊಳ್ಳದ ಸುಧಾರಣೆ ಕಾಗದದ ಮೇಲೆಯೇ ಉಳಿಯುತ್ತದೆ.

ಆಕ್ಷೇಪಗಳು

ಮೊದಲನೆಯ ಆಕ್ಷೇಪ ಮಾಸ್ತರರದು, ಮತ್ತು ಅದು ನ್ಯಾಯವಾದದ್ದು. ಅರುವತ್ತು ಹುಡುಗರ ವರ್ಗ, ಚುನಾವಣೆಯ ಕೆಲಸ, ಬಿಸಿಯೂಟದ ಲೆಕ್ಕ, ಪ್ರತಿದಿನ ಮೋಬಾಯಿಲಿನಲ್ಲಿ ತುಂಬಬೇಕಾದ ಮಾಹಿತಿ; ಇದರ ಮೇಲೆ ಪ್ರತಿ ಹುಡುಗನಿಗೆ ಹನ್ನೆರಡು ಗುರುತು ಹಾಕುವದು ಹೇಗೆ? ನಿರಂತರ ಮೌಲ್ಯಮಾಪನ ಎಷ್ಟೋ ಕಡೆ ನಿರಂತರ ಬರವಣಿಗೆಯಾದದ್ದು ಇದೇ ಕಾರಣದಿಂದ. ವರ್ಷ ವರ್ಷ ಅತಿಥಿ ಶಿಕ್ಷಕರಿಂದ ಶಾಲೆ ನಡೆಸುವ ಸರಕಾರಕ್ಕೆ ಈ ಪದ್ಧತಿಯ ಮಾತಾಡುವ ಅಧಿಕಾರವಿಲ್ಲ. ಹುಡುಗನ ಮಟ್ಟ ಬಲ್ಲ ಮಾಸ್ತರನು ಜೂನಿನಲ್ಲಿ ಬಂದು ಮಾರ್ಚಿನಲ್ಲಿ ಹೋಗುವವನಾದರೆ ಆ ಲೆಕ್ಕವನ್ನು ಮುಂದೆ ಒಯ್ಯುವವರಾರು?

ಎರಡನೆಯದು: ಮಾಸ್ತರರ ಕೈಗೆ ಕೊಟ್ಟರೆ ಎಲ್ಲರಿಗೂ ಒಳ್ಳೆಯ ಗುರುತು ಬೀಳುತ್ತದೆ, ಆಂತರಿಕ 20ರ ಗತಿ ಏನಾಗಿದೆ ನೋಡಿರಿ ಎನ್ನುತ್ತಾರೆ. ಒಟ್ಟು ಸಂಖ್ಯೆಯನ್ನು ತುಂಬುವದು ಸುಲಭ, ಯಾಕೆಂದರೆ ಅದಕ್ಕೆ ಅರ್ಥವಿಲ್ಲ. ‘ಅರ್ಜಿ ಬರೆಯಲು ಸ್ವತಂತ್ರವಾಗಿ ಬರುತ್ತದೆ’ ಎಂದು ಬರೆದರೆ ತಂದೆ ಅಂದು ರಾತ್ರಿಯೇ ಮಗಳ ಕೈಯಲ್ಲಿ ಪಡಿತರ ಚೀಟಿಯ ಅರ್ಜಿ ಬರೆಸಿ ನೋಡಬಲ್ಲ. ಸುಳ್ಳನ್ನು ಹಿಡಿಯುವದು ಪಾಲಕನಿಗೇ ಸಾಧ್ಯವಾಗುತ್ತದೆ.

ಮೂರನೆಯದು: ಮತ್ತೆ ಮತ್ತೆ ಅವಕಾಶ ಕೊಟ್ಟರೆ ಹುಡುಗರು ಸೋಮಾರಿಗಳಾಗುತ್ತಾರೆ. 2024ರಲ್ಲಿಯೂ 2025ರಲ್ಲಿಯೂ ಸರಕಾರವೇ ಒಂದೇ ವರ್ಷ ಮೂರು ಪರೀಕ್ಷೆಗಳನ್ನು ನಡೆಸಿತು. ಅವಕಾಶ ಕೊಟ್ಟದ್ದು ಒಳ್ಳೆಯದೇ. ಕೊರತೆ ಎಲ್ಲಿ ಎಂದರೆ, ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಹುಡುಗನಿಗೆ ತಾನು ತಪ್ಪಿದ್ದು ಎಲ್ಲಿ ಎಂಬದನ್ನು ಆ ಪಟ್ಟಿ ಹೇಳಲಿಲ್ಲ. ಕತ್ತಲಲ್ಲಿ ಮೂರು ಸಲ ಕಲ್ಲೆಸೆದರೆ ಗುರಿ ತಾಗೀತೇ?

ನಮ್ಮ ಬೇಡಿಕೆಗಳು

ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯಲ್ಲಿ ಹೈಸ್ಕೂಲುಗಳನ್ನು ತೆರೆದಾಗ, ರೈತ ಕೂಲಿಕಾರರ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತುವದೇ ದೊಡ್ಡ ಹೋರಾಟವಾಗಿದ್ದಿತು. ಆ ಹೋರಾಟದ ಫಲವಾಗಿ ಮಕ್ಕಳು ಒಳಗೆ ಬಂದಿದ್ದಾರೆ. ಒಳಗೆ ಬಂದವರು ಏನನ್ನು ಕಲಿತು ಹೊರಗೆ ಹೋಗುತ್ತಾರೆ ಎಂದು ಕೇಳುವದು ನಮ್ಮ ಕಾಲದ ಹೋರಾಟ. ಆದುದರಿಂದ ನಾವು ಕೇಳುವದು ಇಷ್ಟು:

1. ಎಂಟು, ಒಂಬತ್ತು, ಹತ್ತನೆಯ ಇಯತ್ತೆಗಳ ಪ್ರತಿ ವಿಷಯದಲ್ಲಿ ಬರಬೇಕಾದ ಅಂಶಗಳ ಪಟ್ಟಿಯನ್ನು ಜೂನ್ ತಿಂಗಳಲ್ಲಿಯೇ ಶಾಲೆಯ ಗೋಡೆಗೆ ಹಚ್ಚಬೇಕು. ಕನ್ನಡದ ಜತೆಗೆ ಮರಾಠಿ, ಉರ್ದು, ಕೊಂಕಣಿಗಳಲ್ಲಿಯೂ ಪಾಲಕರಿಗೆ ತಿಳಿಸಬೇಕು.

2. ಮಾರ್ಕಿನ ಪಟ್ಟಿಯ ಜತೆಗೆ ಅಂಶವಾರು ಲೆಕ್ಕದ ಹಾಳೆ ಕೊಡಬೇಕು. ಆಂತರಿಕ 20 ಮಾರ್ಕು ಈ ಹಾಳೆಯ ಆಧಾರದ ಮೇಲೆಯೇ ಬೀಳಬೇಕು.

3. ಬಾರದ ಅಂಶವನ್ನು ಮತ್ತೆ ಕಲಿಸಲು ಶಾಲೆಯ ವೇಳಾಪತ್ರಿಕೆಯಲ್ಲಿಯೇ ತಾಸು ಇರಬೇಕು. ಹುಡುಗನ ಸ್ವಂತ ವೇಳೆಗೆ, ಪಾಲಕನ ಕಿಸೆಗೆ ಅದನ್ನು ಬಿಡಬಾರದು.

4. ನಾಲ್ಕು ತಾಲೂಕುಗಳ ಹೈಸ್ಕೂಲುಗಳಲ್ಲಿ ಖಾಲಿಯಿರುವ ಹುದ್ದೆಗಳಿಗೆ ಕಾಯಂ ಮಾಸ್ತರರನ್ನು ನೇಮಿಸಬೇಕು. ಕಲಿಸುವದನ್ನು ಬಿಟ್ಟು ಇತರ ಕೆಲಸಗಳಿಂದ ಅವರನ್ನು ಬಿಡುಗಡೆ ಮಾಡಬೇಕು.

5. ಪಾಲಕರ ಸಭೆಯ ದಿನ ಕಾರ್ಮಿಕನಿಗೆ ಪಾಳಿಯಲ್ಲಿ ಎರಡು ತಾಸು ಪಗಾರಿ ಸಹಿತ ಬಿಡುವು ಸಿಗಬೇಕು. ಇದನ್ನು ಯೂನಿಯನ್ನುಗಳು ತಮ್ಮ ಬೇಡಿಕೆಯ ಪಟ್ಟಿಯಲ್ಲಿ ಸೇರಿಸಬೇಕು.

ಕೊನೆಯ ಬೇಡಿಕೆ ಕೆಲವರಿಗೆ ಚಿಕ್ಕದೆನಿಸಬಹುದು. ಆದರೆ ಉಳಿದ ನಾಲ್ಕೂ ನಿಂತಿರುವದು ಅದರ ಮೇಲೆಯೇ. ಅಂಗಡಿಯ ಕದ ಒಂದು ತಾಸು ಮುಚ್ಚಿದರೂ ಅಡ್ಡಿಯಿಲ್ಲ. ಮುಂದಿನ ಸಭೆಗೆ ವ್ಯಾಪಾರಿ ಬಂಧುಗಳು ಹೋಗಬೇಕು, ಕಾರ್ಮಿಕ ಬಂಧುಗಳು ಹೋಗಬೇಕು, ತಾಯಂದಿರು ಹೋಗಬೇಕು. ಎಷ್ಟು ಮಾರ್ಕು ಬಂತೆಂದು ಕೇಳಿ ಎದ್ದು ಬರಬಾರದು. ಮಗಳಿಗೆ ಏನು ಬರುತ್ತದೆ, ಏನು ಬರುವದಿಲ್ಲ, ಬಾರದ್ದನ್ನು ಯಾವಾಗ, ಯಾರು ಕಲಿಸುತ್ತಾರೆ ಎಂದು ಕೇಳಬೇಕು. ಉತ್ತರ ಸಿಗುವವರೆಗೆ ಕುರ್ಚಿ ಬಿಡಬಾರದು.